ಕತ್ತಿನಲ್ಲಿಟ್ಟ ಸಾಕ್ಷಿ

ಚನ್ನಪಟ್ಟಣ
12 ಆಗಸ್ಟ್ 2024

ಲೋಕಿ,

ಕಾಗದ ಶುರುವಾಗುವುದು ಆಶೀರ್ವಾದದಿಂದ ಅಂತ ಅಪ್ಪ ಕಲಿಸಿದ್ದರು. ಇವತ್ತು ಕೈ ಬರುತ್ತಿಲ್ಲ. ಬೈಗುಳದಿಂದಲೇ ಶುರು ಮಾಡುತ್ತೇನೆ, ಕೊನೆಯಲ್ಲಿ ಜಾಗ ಉಳಿದರೆ ಆಶೀರ್ವಾದ ಮಾಡುತ್ತೇನೆ.

ಒಡಹುಟ್ಟಿದ ಅಕ್ಕನ ನಂಬರನ್ನು ಬ್ಲಾಕ್ ಮಾಡಿದ್ದೀಯ. ನಿನ್ನ ಹೆಂಡತಿ ಸೌಮ್ಯಳ ಫೋನಿನಲ್ಲೂ ಮಾಡಿಸಿದ್ದೀಯ. ನಾನು ಮಾತಾಡಿದರೆ ಬಾವ ರೆಕಾರ್ಡ್ ಮಾಡಿಕೊಂಡು ಕೋರ್ಟಿಗೆ ಕೊಡುತ್ತಾರೆ ಅಂತ ನಿನ್ನ ಲಾಯರ್ ಹೇಳಿಕೊಟ್ಟನಂತೆ. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡೋಕಾಗಲ್ಲವಲ್ಲ, ಅದಕ್ಕೇ ಈ ಕಾಗದ.

ನಿನ್ನೆ ಅವ್ವ ಬಂದಿದ್ದಳು. ತಟ್ಟೆ ಮುಂದೆ ಕೂತು ಒಂದು ತುತ್ತೂ ಎತ್ತಲಿಲ್ಲ. "ಅವನ ಕತ್ತಲ್ಲಿ ನಿಂಬೆಕಾಯಂಗಿದ್ದದ್ದು ಈಗ ಕೋಳಿಮೊಟ್ಟೆ ಆಗೈತೆ ಕಣವ್ವ. ಉಗುಳು ನುಂಗುವಾಗ ಮಕ ಕಿವುಚ್ತಾನೆ. ತೆಗೆಸ್ಲಾ ಅಂದ್ರೆ ಕೇಸು ಮುಗೀಲಿ ಅಂತಾನೆ," ಅಂತ ಅತ್ತಳು.

ಕೇಸು ಮುಗಿಯಲಿ ಅಂತೆ! ನೀನು ಬಾವನ ಮೇಲೆ ಹಾಕಿದ್ದೊಂದು, ಬಾವ ನಿನ್ನ ಮೇಲೆ ಹಾಕಿದ್ದೊಂದು. ನಿನ್ನ ಲಾಯರ್ ಬರೆಸಿದ್ದು ಒಂದು, ನಮ್ಮ ಲಾಯರ್ ಬರೆಸಿದ್ದು ಇನ್ನೊಂದು. ಒಲೆ ಮುಂದೆ ಇದ್ದವಳು ನಾನು. ನಡೆದದ್ದನ್ನು ನನ್ನ ಬಾಯಿಂದ ಒಂದು ಸಲ ಕೇಳು.

ಹೋದ ವರ್ಷ ಪಿತೃಪಕ್ಷದ ಹಬ್ಬ, ಅಪ್ಪನಿಗೆ ಎಡೆ ಇಡುವ ದಿನ. ನಾಲ್ಕು ಮನೆಯವರು ಸೇರಿ ಹಿತ್ತಿಲಲ್ಲಿ ಮರಿ ಕುಯ್ದು, ತೆಂಗಿನ ಗರಿಯ ಮೇಲೆ ಗುಡ್ಡೆ ಹಾಕಿದ್ದಿರಿ. ಪಾಲು ಹಾಕಿದವನು ನೀನು. ಪ್ರತಿ ಗುಡ್ಡೆಗೂ ಮಾಂಸ, ಮೂಳೆ, ಬೋಟಿ, ಈಲಿ ಎಲ್ಲವೂ ಒಂದೊಂದು ಚೂರಾದರೂ ಬೀಳಬೇಕು. ನಮ್ಮ ಗುಡ್ಡೆಯಲ್ಲಿ ಈಲಿ ಇರಲಿಲ್ಲ, ಪೇಟೆಯವರು ಲಿವರ್ ಅಂತಾರಲ್ಲ ಅದು. ನಿಮ್ಮ ಬಾವ ಕೇಳಿದ್ದು ತಪ್ಪು ಅನ್ನಲ್ಲ, ಕೇಳಿದ ರೀತಿ ತಪ್ಪು. "ಈಲಿ ನುಂಗ್ಬುಟ್ಟೇನ್ಲಾ? ಸತ್ತೋರ ಹಬ್ಬದಲ್ಲೂ ಕದೀತೀಯಾ?" ಅಂದರು. ನೀನು ಸುಮ್ಮನಿದ್ದೆಯಾ? "ಹೆಣ್ಣು ತಕ್ಕೊಂಡೋದೋನು ಈಲಿನೂ ಎಣಿಸ್ತಾವ್ನೆ" ಅಂದೆ. ಅವರು ನನ್ನ ಒಲೆಯಿಂದಲೇ ಉರಿಯುವ ಸೌದೆ ಕಿತ್ತುಕೊಂಡು ನಿನ್ನ ಕತ್ತಿಗೆ ಬೀಸಿದರು. ನೀನು ಗುಡ್ಡೆಗಳ ಮೇಲೆ ಬಿದ್ದೆ. ಏಳುವಾಗ ನಿನ್ನ ಕೈಯಲ್ಲಿ ಮಚ್ಚಿತ್ತು. ಅವರು ಅಡ್ಡ ಹಿಡಿದ ಎಡಗೈಯ ತೋರುಬೆರಳು ಹಾರಿಹೋಯಿತು.

ಅದು ಎಲ್ಲಿ ಬಿತ್ತು ಅಂತ ಹುಡುಕಿದವಳು ನಾನು. ಕುಯ್ದಿಟ್ಟ ಮಾಂಸದ ನಡುವೆ ಕೈ ಹಾಕಿ ಗಂಡನ ಬೆರಳು ಹುಡುಕಿದ್ದೇನೆ, ಲೋಕಿ. ಸಿಕ್ಕಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮತ್ತೆ ಜೋಡಿಸುವ ಹಾಗಿರಲಿಲ್ಲ. ಅಂದಿನಿಂದ ನಾನು ಮಾಂಸ ಮುಟ್ಟಿಲ್ಲ.

ನಿನಗೆ ಬೇಕಾದ ಹಾಗೆ ಕೇಸು ನಡೆಸು. ಆ ಗಡ್ಡೆಯನ್ನು ಮಾತ್ರ ಸರಿಯಾದ ಡಾಕ್ಟರಿಗೆ ತೋರಿಸು. ಜಾಗ ಉಳಿದಿದೆ, ಆದರೂ ಆಶೀರ್ವಾದ ಮಾಡಲ್ಲ. ತೋರಿಸಿದ ಮೇಲೆ ಮಾಡುತ್ತೇನೆ.

ನಿನ್ನ ಅಕ್ಕ,
ಲತಾಮಣಿ


ಕೂಟಗಲ್
21 ಆಗಸ್ಟ್ 2024

ಅಕ್ಕನಿಗೆ ನಮಸ್ಕಾರ.

ಈಲಿ ನಾನು ನುಂಗಿರಲಿಲ್ಲ. ಅಪ್ಪನಿಗೆ ಇಷ್ಟ ಅಂತ ಎಡೆಗೆ ಎತ್ತಿಟ್ಟಿದ್ದೆ, ಎಡೆ ಇಳಿಸಿದ ಮೇಲೆ ಹಂಚೋಣ ಅಂತಿದ್ದೆ. ನಿನ್ನ ಗಂಡ ಅಷ್ಟು ಹೇಳುವುದಕ್ಕೂ ಬಿಡಲಿಲ್ಲ.

ನಿನ್ನ ಗಂಡನಿಗೇನು, ಕೋರ್ಟಿನಲ್ಲಿ ಕೈ ಎತ್ತಿದರೆ ಸಾಕು. ಇಲ್ಲದ ಬೆರಳು ಎಲ್ಲರಿಗೂ ಕಾಣುತ್ತದೆ. ನನಗೆ ಬಿದ್ದ ಏಟು ಯಾರಿಗೆ ಕಾಣುತ್ತದೆ? ಆವತ್ತು ಆಸ್ಪತ್ರೆಯವರು ಬರೆದುಕೊಟ್ಟದ್ದು ಬರೀ ಊತ ಮತ್ತು ಸುಟ್ಟ ಗಾಯ ಅಂತ. ಊತ ಇಳಿಯಿತು, ಗಾಯ ಒಣಗಿತು. ನನ್ನದೇ ತಪ್ಪು ಅಂತ ಊರೆಲ್ಲ ಮಾತಾಡುವ ಹೊತ್ತಿಗೆ ಅದೇ ಕಡೆ ಈ ಗಡ್ಡೆ ಎದ್ದಿತು. ದೇವರೇ ಇಟ್ಟ ಸಾಕ್ಷಿ ಅಂದುಕೊಂಡೆ. "ಲೋಕೇಶ್, ಜಡ್ಜ್ ನೋಡೋವರ್ಗೂ ಇದನ್ನ ಜ್ವಾಪಾನ ಮಾಡ್ಕೊ," ಅಂತ ನನ್ನ ಲಾಯರ್ ಹೇಳಿದ್ದಾರೆ.

ಡಾಕ್ಟರಿಗೆ ತೋರಿಸಿಲ್ಲ ಅಂತ ಯಾರು ಹೇಳಿದ್ದು? ರಾಮನಗರದಲ್ಲಿ ತೋರಿಸಿದೆ, ಮಾಗಡಿಯಲ್ಲಿ ತೋರಿಸಿದೆ. ಕೂತ ಕೂಡಲೇ ಹೊಡೆದಾಟದಲ್ಲಿ ಬಂದದ್ದು ಅಂತಲೇ ಹೇಳುತ್ತೇನೆ, ಅವರೂ ಹಾಗೇ ಬರೆಯುತ್ತಾರೆ. ಏಟಿಗೆ ರಕ್ತ ಹೆಪ್ಪುಗಟ್ಟಿರಬೇಕು ಅಂತ ಮಾತ್ರೆ ಕೊಟ್ಟರು. ಒಬ್ಬರು ಸೂಜಿ ಹಾಕಿ ನೋಡೋಣ ಅಂದರು. ಗಾಳಿ ಹೋದ ಟ್ಯೂಬಿನ ಹಾಗೆ ಗಡ್ಡೆ ಇಳಿದುಹೋದರೆ ಆಮೇಲೆ ಕೋರ್ಟಿಗೆ ನಾನು ಏನು ತೋರಿಸಲಿ? ಎದ್ದು ಬಂದೆ.

ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ಮುಂದೆ ನಿಂತು ಮುಟ್ಟಿ ನೋಡಿಕೊಳ್ಳುತ್ತೇನೆ. ಇಳಿದಿಲ್ಲ ಅಂದರೆ ಸಮಾಧಾನ. ಬೆಳೆದಿದೆ ಅನಿಸಿದ ದಿನ ಇನ್ನೂ ಖುಷಿ.

ಇಂತಿ,
ಲೋಕೇಶ


ಕೂಟಗಲ್
4 ಅಕ್ಟೋಬರ್ 2024

ಅಕ್ಕ,

ಮೊನ್ನೆ ಹಬ್ಬದ ದಿನ ನಮ್ಮ ಮನೆಯಲ್ಲಿ ಮರಿ ಕುಯ್ಯಲಿಲ್ಲ. ಅವ್ವ ಅಪ್ಪನಿಗೆ ಬರೀ ಅನ್ನ ಸಾರು ಎಡೆ ಇಟ್ಟು ಅಳುತ್ತಾ ಕೂತಿದ್ದಳು. ಆ ಹೊತ್ತಿಗೆ ನಿನ್ನ ಗಂಡ ಬಂದ.

ಚೆನ್ನಾಗಿ ಕುಡಿದಿದ್ದ. ಕೈಯಲ್ಲಿ ಗೊಂಬೆ ಕಡೆಯುವ ಉಳಿ ಇತ್ತು. ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ: "ಲೇ ಲೋಕಿ, ಆಚೆಗ್ ಬಾರ್ಲಾ! ಆ ಗಡ್ಡೆ ನಾನಿಟ್ಟಿದ್ದು, ನಾನೇ ತೆಗೀತೀನಿ! ಇವತ್ತು ಕಿತ್ತು ಅದ್ರ ಬುಡ ನೋಡ್ಬುಡ್ತೀನಿ!"

ನಾನು ಸುಮ್ಮನಿರುವ ಗಂಡಸಲ್ಲ. ಗುದ್ದಲಿ ಕಾವು ತೆಗೆದುಕೊಂಡು ಹೋದೆ. ಮೊದಲ ಏಟಿಗೇ ಉಳಿ ಬಿತ್ತು. ಎರಡನೆಯದು ಬಾಯಿಗೆ ಬಿತ್ತು, ಹಲ್ಲು ರಕ್ತದ ಜೊತೆ ಆಚೆ ಬಂತು. ಕೆಡವಿಕೊಂಡು ಒದ್ದೆ. ಸತ್ತರೆ ಸಾಯಲಿ ಅಂತಲೇ ಒದ್ದೆ, ಸುಳ್ಳು ಯಾಕೆ ಹೇಳಲಿ. ಪಕ್ಕದ ಮನೆಯವರು ಬಂದು ಬಿಡಿಸಿದರು. ಅವ್ವ ಮಧ್ಯೆ ಬಂದು ಬಿದ್ದು ಮೊಣಕೈ ತರಚಿಕೊಂಡಳು.

ಚರಂಡಿ ಪಕ್ಕ ಬಿದ್ದಿದ್ದವನು ಏಳಲಿಲ್ಲ. ಹೆಗಲು ಅಲ್ಲಾಡುತ್ತಿತ್ತು. ಅತ್ತನೋ ಕುಡಿತದ ನಡುಕವೋ ನನಗೆ ಗೊತ್ತಿಲ್ಲ. "ತೆಗೆಸ್ಕೊಳ್ಲಾ, ನಿನ್ ಕಾಲ್ ಹಿಡೀತೀನಿ," ಅಂದ ಹಾಗೆ ಕೇಳಿಸಿತು. ಬಾಯಿ ತುಂಬ ರಕ್ತ ಇತ್ತು, ಸರಿಯಾಗಿ ಕೇಳಿಸಲಿಲ್ಲ.

ಪೊಲೀಸಿಗೆ ನಾನು ಹೋಗಿಲ್ಲ. ಅವನು ಹೋದರೆ ಹೋಗಲಿ.

ಲೋಕೇಶ


ಚನ್ನಪಟ್ಟಣ
13 ಅಕ್ಟೋಬರ್ 2024

ಲೋಕಿ,

ಅವರು ಪೊಲೀಸಿಗೆ ಹೋಗಲಿಲ್ಲ. ಗೊಂಬೆ ಕಡೆಯುವ ಲೇತಿನ ಹಲಗೆಗೆ ಮುಗ್ಗರಿಸಿ ಬಿದ್ದೆ ಅಂತ ಅಂಗಡಿ ಹುಡುಗರಿಗೆ ಹೇಳಿದರು. ಮುಂದಿನ ಎರಡು ಹಲ್ಲು ಹೋಗಿವೆ. ಬೆರಳಾಯಿತು, ಹಲ್ಲಾಯಿತು, ನನ್ನ ಗಂಡನನ್ನು ನೀನು ತುಂಡು ತುಂಡಾಗಿ ತೆಗೆದುಕೊಂಡು ಹೋಗುತ್ತಿದ್ದೀಯ.

ಅವರ ಮೇಲೂ ನನಗೆ ಕರುಣೆ ಇಲ್ಲ. ಗಾಯಕ್ಕೆ ಔಷಧಿ ಹಚ್ಚುವಾಗ ಬೇಕಂತಲೇ ಗಟ್ಟಿಯಾಗಿ ಒತ್ತಿದೆ. ಆದರೆ ನಿನಗೆ ಗೊತ್ತಿಲ್ಲದ ಒಂದು ಮಾತಿದೆ. ಅವರು ಲೇತು ನಿಲ್ಲಿಸಿ ನಿಲ್ಲಿಸಿ ತಮ್ಮ ಕತ್ತನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ. ಊಟಕ್ಕೆ ಕೂತವರು "ಈಗೆಷ್ಟು ದಪ್ಪ ಆಗೈತಂತೆ?" ಅಂತ ಕೇಳಿ, ನಾನು ಉತ್ತರ ಕೊಡುವ ಮೊದಲೇ ಎದ್ದುಹೋಗುತ್ತಾರೆ.

ನೀನು ಕನ್ನಡಿ ಮುಂದೆ ನಿಂತು ಖುಷಿಪಡು. ಇಲ್ಲಿ ಒಬ್ಬರು ಅದೇ ಗಡ್ಡೆಯನ್ನು ನುಂಗಲಾರದೆ ಕೂತಿದ್ದಾರೆ.

ಲತಾ


ಕೂಟಗಲ್
19 ಡಿಸೆಂಬರ್ 2024

ಅಕ್ಕ,

ಕೊನೆಗೂ ಗೆದ್ದವಳು ಸೌಮ್ಯ. ಹೋದ ತಿಂಗಳು ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಿತು. ಬೆನ್ನಿಗೆ ಗುದ್ದಿ ಗುದ್ದಿ ಇಳಿಸಿದಳು. ಇಳಿದ ಮೇಲೆ ಅದೇ ಕೈಯಲ್ಲಿ ಕೆನ್ನೆಗೆ ಬಾರಿಸಿದಳು. "ನಿನ್ ಕೇಸಿಗ್ ನಾನ್ ತಾಳಿ ಕಟ್ಟಿಸ್ಕೊಂಡಿಲ್ಲ, ನಡಿ!" ಅಂದಳು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು.

ಡಾಕ್ಟರ್ ಹೆಸರು ಸುಮನಾ. ನಾನು ಹೊಡೆದಾಟದ ಕಥೆ ಶುರು ಮಾಡಿದೆ. ಅವರು ಕಥೆ ಕೇಳದೆ ಕತ್ತು ಹಿಡಿದರು. ಗಡ್ಡೆ ಒತ್ತಿದರು, ನಡುಗತ್ತಿನಲ್ಲಿ ಗಂಟಲ ಮಣಿಯ ಕೆಳಗೆ ಬೆರಳಿಟ್ಟು ನೀರು ನುಂಗಿ ಅಂದರು, ಸ್ಕ್ಯಾನ್ ಮಾಡಿಸಿದರು. ಆಮೇಲೆ ಸೂಜಿ ಅಂದರು. ನಾನು ಬೇಡ ಅಂದೆ, ಸೌಮ್ಯ ನನ್ನ ಎರಡೂ ಕೈ ಹಿಡಿದುಕೊಂಡಳು.

ಸೂಜಿಯಲ್ಲಿ ಬಂದದ್ದು ರಕ್ತವೂ ಅಲ್ಲ, ಕೀವೂ ಅಲ್ಲ. ಕಾಫಿ ಡಿಕಾಕ್ಷನ್ ಬಣ್ಣದ ನೀರು. ನಾನು ನೋಡುತ್ತಿದ್ದ ಹಾಗೇ ಗಡ್ಡೆ ಇಳಿಯಿತು. ಮುಟ್ಟಿದರೆ ಚಪ್ಪಟೆ. ನನಗೆ ತಲೆ ಕೆಟ್ಟಿತು. ಟ್ರೇ ಎತ್ತಿ ಗೋಡೆಗೆಸೆದೆ. ಸೂಜಿ ಹಿಡಿದಿದ್ದ ಹುಡುಗನ ಕಾಲರ್ ಹಿಡಿದು, "ವಾಪಸ್ ತುಂಬ್ಲಾ! ನನ್ ಸಾಕ್ಷಿ ಅದು, ವಾಪಸ್ ತುಂಬು!" ಅಂತ ಕೂಗಾಡಿದೆ. ಸೆಕ್ಯೂರಿಟಿಯವರು ಎಳೆದುಕೊಂಡು ಹೋದರು. ಈಗ ಬರೆಯುವಾಗ ನಾಚಿಕೆ ಆಗುತ್ತದೆ, ಆಗ ಆಗಲಿಲ್ಲ.

ಎರಡು ವಾರಕ್ಕೆ ಮತ್ತೆ ತುಂಬಿಕೊಂಡಿತು. ನಾನು ಸಂತೋಷದಲ್ಲಿದ್ದಾಗಲೇ ರಿಪೋರ್ಟ್ ಬಂತು. ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಅಂತೆ. ಅಲ್ಲಿಂದ ಕತ್ತಿನ ಪಕ್ಕಕ್ಕೆ ಇಳಿದು ನೀರು ತುಂಬಿಕೊಂಡಿರುವುದೇ ಈ ಗಡ್ಡೆ ಅಂತೆ. ನಿಧಾನವಾಗಿ ಬೆಳೆಯುವ ಜಾತಿ, ಕತ್ತು ಕೊಯ್ದು ಎಲ್ಲವನ್ನೂ ತೆಗೆದರೆ ಬದುಕುತ್ತೀರಿ ಅಂದರು. ಹೊಡೆತದಿಂದ ಬಂದದ್ದು ತಾನೇ ಅಂತ ಕೇಳಿದೆ. "ಅಲ್ಲ. ಹೊಡೆತ ಬೀಳುವುದಕ್ಕೆ ಮೊದಲೇ ಒಳಗಿತ್ತು," ಅಂದರು.

ಅಕ್ಕ, ನೇರವಾಗಿ ಕೇಳುತ್ತೇನೆ. ಆ ಡಾಕ್ಟರಮ್ಮನ ಹತ್ತಿರ ನೀನು ಹೋಗಿದ್ದೆಯಾ? ನಿನ್ನ ಗಂಡನನ್ನು ಉಳಿಸೋಕೆ ಹೀಗೆ ಬರೆಸಿದೆಯಾ? ನಾನು ಕೊಯ್ಯಿಸಿಕೊಳ್ಳಲ್ಲ. ಇದರಿಂದಲೇ ಸತ್ತರೆ ಸಾಯುತ್ತೇನೆ, ಆಗ ಅವನ ಮೇಲೆ ಕೊಲೆ ಕೇಸು ಬೀಳುತ್ತದೆ. ಅದನ್ನೂ ಯೋಚನೆ ಮಾಡಿಟ್ಟಿದ್ದೇನೆ.

ಲೋಕೇಶ


ಚನ್ನಪಟ್ಟಣ
23 ಡಿಸೆಂಬರ್ 2024

ಲೋಕೇಶ,

ನಿನ್ನ ಕಾಗದ ಓದಿ ಹರಿದುಹಾಕಿದೆ. ಆಮೇಲೆ ಚೂರು ಜೋಡಿಸಿ ಇನ್ನೊಮ್ಮೆ ಓದಿದೆ. ನೀನು ಎದುರಿಗಿದ್ದಿದ್ದರೆ ಆ ಗಡ್ಡೆಯ ಮೇಲೇ ಬಾರಿಸುತ್ತಿದ್ದೆ.

ನಾನು ಡಾಕ್ಟರಿಗೆ ಹೇಳಿ ಬರೆಸಿದೆನಾ? ನಿನ್ನ ಕುಂಡಿ ತೊಳೆದು ಬೆಳೆಸಿದವಳು ನಾನು. ಅವ್ವ ಗದ್ದೆಗೆ ಹೋದಾಗ ನಿನ್ನನ್ನು ಸೊಂಟದಲ್ಲಿಟ್ಟುಕೊಂಡು ಸ್ಕೂಲಿಗೆ ಹೋಗಿ ಮೇಷ್ಟ್ರಿಂದ ಏಟು ತಿಂದಿದ್ದೇನೆ. ನಿನ್ನ ಕತ್ತಿನಲ್ಲಿ ಕ್ಯಾನ್ಸರ್ ಬರೆಸಿ ಗಂಡನನ್ನು ಉಳಿಸಿಕೊಳ್ಳುವ ಹೆಂಗಸಾ ನಾನು? ಬಾಯಿಗೆ ಹುಳ ಬೀಳುತ್ತದೆ ನಿನಗೆ.

ಇರಲಿ. ನಿನಗೆ ಪ್ರೀತಿಯ ಮಾತು ಅರ್ಥವಾಗಲ್ಲ. ಕೇಸಿನ ಮಾತಲ್ಲೇ ಹೇಳುತ್ತೇನೆ, ಕೇಳು. ನೀನು ಸತ್ತೆ ಅಂತಿಟ್ಟುಕೋ. ಕೊಲೆ ಕೇಸು ಅಂದರೆ ನಿನ್ನನ್ನು ಹಾಗೇ ಮಣ್ಣು ಮಾಡುತ್ತಾರಾ? ಪೋಸ್ಟ್‌ಮಾರ್ಟಂ ಮಾಡುತ್ತಾರೆ. ನೀನು ಬದುಕಿದ್ದಾಗ ಕೊಯ್ಯಲು ಬಿಡದ ಅದೇ ಕತ್ತನ್ನು ಅಲ್ಲಿ ಯಾರನ್ನೂ ಕೇಳದೆ ಕೊಯ್ಯುತ್ತಾರೆ. ಒಳಗಿರುವುದು ಕ್ಯಾನ್ಸರ್ ಅಂತ ಬರೆಯುತ್ತಾರೆ. ನನ್ನ ಗಂಡ ಖುಲಾಸೆಯಾಗಿ, ಹೂವಿನ ಹಾರ ಹಾಕಿಸಿಕೊಂಡು ಆಚೆ ಬರುತ್ತಾರೆ. ಸೌಮ್ಯ ಕುಂಕುಮ ಅಳಿಸಿಕೊಂಡು ಒಳಗೆ ಕೂರುತ್ತಾಳೆ. ನಿನ್ನ ಸೇಡು ನಿನ್ನ ಜೊತೆ ಮಣ್ಣಿಗೆ ಹೋಗುತ್ತದೆ.

ನನ್ನ ಗಂಡನನ್ನು ಜೈಲಿಗೆ ಕಳಿಸುವ ಆಸೆ ಇದ್ದರೆ ಬದುಕು. ಸತ್ತವನಿಗೆ ಕಟಕಟೆ ಹತ್ತಲು ಬರಲ್ಲ.

ಲತಾಮಣಿ

ಮರೆತಿದ್ದೆ. ಏಟಿನಿಂದ ಬಂದದ್ದಲ್ಲವಂತೆ ಅಂತ ನಿಮ್ಮ ಬಾವನಿಗೆ ಹೇಳಿದೆ. ಲೇತು ಆಫ್ ಮಾಡಿ ಮರದ ಪುಡಿಯಲ್ಲೇ ಕೂತರು. ಮೊದಲು ನಕ್ಕರು. ಆಮೇಲೆ ಗೋಡೆಗೆ ತಲೆ ಚಚ್ಚಿಕೊಂಡರು, ಹಣೆ ಒಡೆಯಿತು. ಏನಾಯಿತು ಅಂದರೆ, "ಬದುಕ್ತಾನಂತಾ?" ಅಂತ ಅಷ್ಟೇ ಕೇಳಿದರು.


ಕೂಟಗಲ್
2 ಜನವರಿ 2025

ಅಕ್ಕ,

ಕೊಯ್ಯಿಸಿಕೊಳ್ಳುತ್ತೇನೆ. ಈ ತಿಂಗಳ ಕೊನೆಯಲ್ಲಿ ಅಡ್ಮಿಟ್ ಆಗಲು ಹೇಳಿದ್ದಾರೆ. ನಿನ್ನ ಗಂಡನಿಗೆ ಹಾರ ಬೀಳಬಾರದು ಅಂತ ಕೊಯ್ಯಿಸಿಕೊಳ್ಳುತ್ತಿದ್ದೇನೆ. ಬೇರೆ ಏನೂ ಅಂದುಕೊಳ್ಳಬೇಡ.

ಡಾಕ್ಟರಮ್ಮನ ವಿಷಯದಲ್ಲಿ ಆಡಿದ ಮಾತು ತಪ್ಪಾಯಿತು.

ನಿನ್ನ ತಮ್ಮ,
ಲೋಕೇಶ


ಕೂಟಗಲ್
20 ಫೆಬ್ರವರಿ 2025

ಅಕ್ಕ,

ನಿನ್ನ ನಂಬರ್ ಬ್ಲಾಕಿನಿಂದ ತೆಗೆದಿದ್ದೇನೆ, ಆದರೆ ಪ್ರಯೋಜನವಿಲ್ಲ. ನನಗೆ ದನಿ ಇಲ್ಲ. ಗಡ್ಡೆಯ ಬುಡ ದನಿಯ ನರಕ್ಕೆ ಅಂಟಿಕೊಂಡಿತ್ತಂತೆ, ಬಿಡಿಸುವಾಗ ನರ ನೊಂದಿದೆ. ಬರಬಹುದು, ಬರದೆಯೂ ಇರಬಹುದು. ಈಗ ಬರೀ ಪಿಸುಮಾತು, ಅದೂ ಹತ್ತಿರ ಕಿವಿಯಿಟ್ಟರೆ.

ಕಿವಿಯ ಹಿಂದಿನಿಂದ ಶುರುವಾಗಿ ಕತ್ತಿನ ಅಡ್ಡಕ್ಕೆ ಆಚೆ ಕಡೆಯವರೆಗೂ ಕೊಯ್ದಿದ್ದಾರೆ. ಎಚ್ಚರವಾದಾಗ ಕತ್ತಿನ ಪಕ್ಕದಿಂದ ಪೈಪು ಇಳಿಬಿಟ್ಟು ಡಬ್ಬಿಗೆ ರಕ್ತ ಹರಿಯುತ್ತಿತ್ತು. ಮರಿ ಕುಯ್ಯುವಾಗ ಕೆಳಗೆ ಪಾತ್ರೆ ಹಿಡಿಯುತ್ತೇವಲ್ಲ, ಅದೇ ನೆನಪಾಯಿತು. ಸತ್ತಿದ್ದೇನೆ, ಇದು ಪೋಸ್ಟ್‌ಮಾರ್ಟಂ ಅಂತ ಒಂದು ಗಳಿಗೆ ನಿಜವಾಗಿ ನಂಬಿದೆ. ಕೂಗೋಣ ಅಂದರೆ ದನಿ ಬರಲಿಲ್ಲ. ಆಗ ಹೆದರಿದಷ್ಟು ನಾನು ಎಂದೂ ಹೆದರಿಲ್ಲ ಅಕ್ಕ. ಸಾಯಲು ನನಗೆ ಒಂದು ಚೂರೂ ಇಷ್ಟವಿರಲಿಲ್ಲ.

ಪಕ್ಕದಲ್ಲಿ ನೀನು ಕೂತಿದ್ದೆ. ಆಮೇಲೆ ಸೌಮ್ಯ ಒಂದು ಮಾತು ಹೇಳಿದಳು. ಆಪರೇಷನ್ ದಿನವೆಲ್ಲ ಆಸ್ಪತ್ರೆ ಗೇಟಿನ ಆಚೆ ಒಬ್ಬ ಮನುಷ್ಯ ಕೂತಿದ್ದನಂತೆ, ಒಳಗೆ ಬಾ ಅಂದರೆ ಬರಲಿಲ್ಲವಂತೆ. ಯಾರು ಅಂತ ನಾನು ಕೇಳಲಿಲ್ಲ.

ಇನ್ನು ಬದುಕಿರುವವರೆಗೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಬೇಕು. ಅಯೋಡಿನ್ ಔಷಧಿ ಕುಡಿಸಲು ಇನ್ನೊಮ್ಮೆ ಕರೆದಿದ್ದಾರೆ.

ಲಾಯರ್ ನೋಡಲು ಬಂದಿದ್ದರು. ಗಡ್ಡೆ ಹೋಯಿತಲ್ಲ ಅಂತ ಬೈಯುತ್ತಾರೆ ಅಂದುಕೊಂಡಿದ್ದೆ. ಹೊಲಿಗೆ ನೋಡಿ ಅವರ ಮುಖ ಅರಳಿತು. "ಗಡ್ಡೆಗಿಂತ ಇದೇ ವಾಸಿ ಕಣಯ್ಯಾ. ಜಡ್ಜ್ ಮುಂದೆ ಶರ್ಟ್ ಬಿಚ್ಚಿ ನಿಂತ್ಕೋ. ಏಟಿಂದ ಆಯ್ತು, ದನಿನೂ ಹೋಯ್ತು ಅನ್ನು. ಅವನು ಒಳಗ್ ಹೋಗ್ಲಿಲ್ಲ ಅಂದ್ರೆ ಕೇಳು," ಅಂದರು. ಸೆಪ್ಟೆಂಬರಿನಲ್ಲಿ ನನ್ನ ಹೇಳಿಕೆ ಇದೆ.

ನಿನ್ನ ತಮ್ಮ,
ಲೋಕಿ


ಚನ್ನಪಟ್ಟಣ
3 ಸೆಪ್ಟೆಂಬರ್ 2025

ಚಿ. ಲೋಕಿಗೆ,

ಬಾಕಿ ಇದ್ದ ಆಶೀರ್ವಾದವನ್ನು ಮೊದಲು ತೆಗೆದುಕೋ. ನೂರು ಕಾಲ ಬಾಳು.

ಮುಂದಿನ ವಾರ ನಿಮ್ಮಿಬ್ಬರ ಕೇಸೂ ಒಂದೇ ದಿನ ಒಂದೇ ಕೋರ್ಟಿನಲ್ಲಿ ಇದೆಯಂತೆ. ನಾನು ಬರುವುದಿಲ್ಲ. ತಮ್ಮ ಹೇಳಿದ್ದಕ್ಕೆ ಗಂಡ ಜೈಲಿಗೆ ಹೋಗುವುದನ್ನೂ ಗಂಡ ಹೇಳಿದ್ದಕ್ಕೆ ತಮ್ಮ ಜೈಲಿಗೆ ಹೋಗುವುದನ್ನೂ ನಿಂತು ನೋಡುವ ಶಕ್ತಿ ನನಗಿಲ್ಲ. ಇಲ್ಲಿ ಅವರಿಗೂ ಏನೂ ಹೇಳಿಲ್ಲ, ನಿನಗೂ ಏನೂ ಹೇಳಲ್ಲ. ಹೇಳಿದರೆ ಯಾರೋ ಒಬ್ಬರ ಪರ ಹೇಳಿದ ಹಾಗಾಗುತ್ತದೆ.

ಕಾಲರ್ ಇರುವ ಶರ್ಟ್ ಹಾಕಿಕೊಂಡು ಹೋಗು. ಹೊಲಿಗೆಗೆ ಬಿಸಿಲು ತಾಗಬಾರದು ಅಂತ ಡಾಕ್ಟರ್ ಹೇಳಿದ್ದಾರೆ.

ಅಕ್ಕ


ಕೂಟಗಲ್
15 ಸೆಪ್ಟೆಂಬರ್ 2025

ಅಕ್ಕನಿಗೆ ನಮಸ್ಕಾರ.

ಬಾವ ಮನೆಗೆ ಬಂದು ಏನೂ ಹೇಳಿರಲ್ಲ ಅಂತ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನನ್ನು ಕರೆದರು. ನನ್ನ ಪಿಸುಮಾತು ಯಾರಿಗೂ ಕೇಳದೆ, ಗುಮಾಸ್ತರೊಬ್ಬರು ಬಾಯಿ ಹತ್ತಿರ ಕಿವಿಯಿಟ್ಟು ಗಟ್ಟಿಯಾಗಿ ತಿರುಗಿ ಹೇಳುತ್ತಿದ್ದರು. ಕಾಲರ್ ಬಿಚ್ಚಿ ತೋರಿಸು ಅಂದರು. ತೋರಿಸಿದೆ. ಕೋರ್ಟಿನಲ್ಲಿದ್ದವರು ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಇದು ಹೇಗಾಯಿತು ಅಂತ ಕೇಳಿದರು. ನಮ್ಮ ಲಾಯರ್ ಕಣ್ಣಲ್ಲೇ ಹೇಳು ಹೇಳು ಅನ್ನುತ್ತಿದ್ದರು. ಬಾವ ಎದುರು ಗೋಡೆಗೆ ಒರಗಿ ನೆಲ ನೋಡುತ್ತಾ ನಿಂತಿದ್ದರು. ಹಣೆಯ ಮೇಲೆ ಹಳೇ ಗಾಯದ ಗೆರೆ ಇತ್ತು.

ಸುಳ್ಳು ಹೇಳಲು ಸಿದ್ಧವಾಗಿಯೇ ಹೋಗಿದ್ದೆ ಅಕ್ಕ. ಆ ಗೆರೆ ನೋಡಿದ ಮೇಲೆ ಆಗಲಿಲ್ಲ.

"ಇದು ಡಾಕ್ಟ್ರು ಕುಯ್ದದ್ದು ಸ್ವಾಮಿ. ಕಾಯಿಲೆ ಮೊದ್ಲೇ ಒಳಗಿತ್ತಂತೆ. ಬಾವ ಹೊಡೆದದ್ದಕ್ಕೆ ನನ್ ಮೈಮೇಲೆ ಗುರುತಿಲ್ಲ," ಅಂದೆ. ಗುಮಾಸ್ತರು ಅದನ್ನೇ ಜೋರಾಗಿ ಹೇಳಿದರು. ನಮ್ಮ ಲಾಯರ್ ಫೈಲ್ ಮುಚ್ಚಿ ಮೇಜಿಗೆ ಕುಕ್ಕಿದರು. ಅಲ್ಲಿಗೆ ನನ್ನ ಕಡೆಯ ಕೇಸು ಖಾಲಿ. ಮುಂದೆ ಕರೆಯುವುದು ಬಾವನನ್ನು, ಅವರು ಕೈ ಎತ್ತಿದರೆ ಸಾಕು, ಒಳಗೆ ಹೋಗುವವನು ನಾನು. ಸೌಮ್ಯ ಹಿಂದೆ ಕೂತು ಅಳುತ್ತಿದ್ದಳು.

ಬಾವ ಕಟಕಟೆ ಹತ್ತಿದರು. ಎಡಗೈ ತೋರಿಸಿ ಅಂದರು. ಎತ್ತಿದರು. ಬೆರಳನ್ನು ಕಡಿದವರು ಯಾರು ಅಂತ ಕೇಳಿದರು. ಬಾವ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು.

"ಯಾರೂ ಕಡೀಲಿಲ್ಲ ಸ್ವಾಮಿ. ಲೇತಿಗೆ ಸಿಕ್ತು," ಅಂದರು.

ಸರ್ಕಾರಿ ವಕೀಲರು ಎದ್ದು ನಿಂತರು. ಮಚ್ಚಿನಲ್ಲಿ ಲೋಕೇಶ ಕಡಿದ ಅಂತ ಪೊಲೀಸರಿಗೆ ಬರೆಸಿದ್ದೀರಲ್ಲ, ಆಸ್ಪತ್ರೆಯಲ್ಲೂ ಹಾಗೇ ಹೇಳಿದ್ದೀರಲ್ಲ ಅಂದರು. "ಕುಡ್ದಿದ್ದೆ ಸ್ವಾಮಿ, ಕ್ವಾಪದಲ್ಲಿ ಅಂದ್ಬುಟ್ಟೆ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯೋರ್ ಕೈಯೆಲ್ಲಾ ಒಸಿ ನೋಡಿ, ಎಷ್ಟು ಜನಕ್ಕೆ ಬೆರಳು ಪೂರ್ತಿ ಅವೆ?" ಅಂದರು. ಜಡ್ಜ್ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ಒಂದು ಮಾತನ್ನೂ ಅವರು ನಂಬಲಿಲ್ಲ. ಕೋರ್ಟನ್ನು ಏನಂದುಕೊಂಡಿದ್ದೀರಿ ಅಂತ ಚೆನ್ನಾಗಿ ಬೈದು ತೀರ್ಪಿಗೆ ದಿನ ಕೊಟ್ಟರು. ಎರಡೂ ಕೇಸು ಬಿದ್ದುಹೋಗುತ್ತವೆ ಅಂತ ನಮ್ಮ ಲಾಯರ್ ಹೇಳಿ, ನನ್ನ ಮುಖ ನೋಡದೆ ಹೊರಟುಹೋದರು.

ಆಚೆ ಬೇವಿನ ಮರದ ಕೆಳಗೆ ನಿಂತಿದ್ದೆ. ಬಾವ ನೇರವಾಗಿ ನನ್ನ ಹತ್ತಿರ ಬಂದು ಕಾಲರಿಗೆ ಕೈ ಹಾಕಿದರು. ಹೊಡೆಯುತ್ತಾರೆ ಅಂತ ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ಕಾಲರ್ ಸರಿಸಿ, ಹೊಲಿಗೆಯನ್ನು ಈ ಕೊನೆಯಿಂದ ಆ ಕೊನೆಯವರೆಗೂ ನೋಡಿದರು, ಕಡೆದ ಗೊಂಬೆಯನ್ನು ತಿರುಗಿಸಿ ನೋಡುವ ಹಾಗೆ. ಕಡಿದುಹೋದ ಬೆರಳಿನ ಮೋಟಿನಿಂದ ಒಂದು ಸಲ ಸವರಿದರು.

"ನಾನು ಕುಯ್ದಿದ್ರೆ ಇಷ್ಟು ನೀಟಾಗ್ ಬತ್ತಿರ್ಲಿಲ್ಲ ಕಣ್ಲಾ," ಅಂದರು.

ನನಗೆ ನಗು ಬಂತು. ನಕ್ಕರೂ ಸದ್ದು ಬರಲಿಲ್ಲ. ಅವರೂ ಮುಂದಿನ ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು, ನಕ್ಕರೋ ಅತ್ತರೋ ಈ ಸಲವೂ ನನಗೆ ಗೊತ್ತಾಗಲಿಲ್ಲ. ಕಾಲರಿನ ಗುಂಡಿ ಹಾಕಿ, ಬಸ್ಸಿಗೆ ಹೊರಟುಹೋದರು.

ಬರುವ ಭಾನುವಾರ ಅಪ್ಪನಿಗೆ ಎಡೆ. ಮರಿಗೆ ಹೇಳಿದ್ದೇನೆ. ನೀನು ಮಾಂಸ ಮುಟ್ಟಲ್ಲ ಅಂತ ಗೊತ್ತು, ಆದರೆ ಈ ಸಲ ಪಾಲು ಹಾಕುವ ಕೈ ನಿನ್ನದೇ ಆಗಬೇಕು. ಈಲಿ ಮೊದಲು ಅಪ್ಪನ ಎಡೆಗೆ, ಮಿಕ್ಕಿದ್ದೆಲ್ಲ ಬಾವನ ಗುಡ್ಡೆಗೆ. ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ ಹಾಕು, ನನಗೆ ದನಿ ಇಲ್ಲ.

ಬಾವನನ್ನು ಒಲೆಯಿಂದ ದೂರ ಕೂರಿಸು. ಮಚ್ಚು ನಿನ್ನ ಹತ್ತಿರವೇ ಇರಲಿ.

ನಿನ್ನ ತಮ್ಮ,
ಲೋಕಿ